ಸೂರಿನ ಲೆಕ್ಕ, ಹಾಜರಿ ಪುಸ್ತಕದ ಸಾಕ್ಷಿ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ನಾನು ಶಾಲೆಯ ಹಳೆಯ ದಿನಗಳ ನೆನಪನ್ನು ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಆ ಕಾರ್ಯವನ್ನು ನನಗಿಂತ ಚೆನ್ನಾಗಿ ನೆರವೇರಿಸಬಲ್ಲ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ಎಪ್ಪತ್ತು ದಾಟಿದ ನಿವೃತ್ತ ಉಪಾಧ್ಯಾಯನಿಗೆ ಹಬ್ಬದ ದಿನವೂ ಒಂದಿಷ್ಟು ಪಾಠ ಹೇಳುವ ಚಪಲ ಬಿಡದು. ಆದುದರಿಂದ ನಮ್ಮ ಹೊಸೂರಿನಲ್ಲಿ ನಾವೆಲ್ಲರೂ ದಿನವೂ ನೋಡುತ್ತಿದ್ದು, ನೋಡಿಯೂ ಮುಂದಕ್ಕೆ ನಡೆಯುತ್ತಿರುವ ಒಂದು ವಿಷಯವನ್ನು ಓದುಗರ ಮುಂದಿಡಲು ಅಪ್ಪಣೆ ಬೇಡುತ್ತೇನೆ. ಮನೆಯಿಲ್ಲದೆ ಟಾರ್ಪಾಲಿನ ಕೆಳಗೆ ಬದುಕುವ ಜನರನ್ನು ಮನೆಗಳಿಗೆ ಸೇರಿಸುವ ಬಗೆ ಹೇಗೆ ಎಂಬುದೇ ಆ ವಿಷಯ.

ನಾನು ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ಅರವತ್ತರ ದಶಕದಲ್ಲಿ ಹೊಸೂರು, ಸೇಲಂನಿಂದ ಬೇರ್ಪಟ್ಟು 1965ರಲ್ಲಿ ರೂಪುಗೊಂಡ ಧರ್ಮಪುರಿ ಜಿಲ್ಲೆಯ ಒಂದು ಸಣ್ಣ ತಾಲ್ಲೂಕು ಕೇಂದ್ರವಾಗಿತ್ತು. ರಾಗಿ, ಹುರುಳಿ, ಅವರೆ ಬೆಳೆಯುವ ಹೊಲಗಳು ಚಂದ್ರಚೂಡೇಶ್ವರನ ಬೆಟ್ಟದ ಬುಡದವರೆಗೂ ಹಬ್ಬಿದ್ದವು. ಎಪ್ಪತ್ತರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದಿತು. ಅದರ ಹಿಂದೆ ಲಾರಿ, ಮೊಪೆಡ್, ಕೈಗಡಿಯಾರಗಳ ಕಾರ್ಖಾನೆಗಳು ಬಂದವು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು, 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. ಊರು ಬೆಳೆದುದಕ್ಕೆ ನಾವೆಲ್ಲರೂ ಹೆಮ್ಮೆಪಡುತ್ತೇವೆ. ಆದರೆ ಊರನ್ನು ಬೆಳೆಸಿದವರಲ್ಲಿ ಎಂಜಿನಿಯರುಗಳಷ್ಟೇ ಇರಲಿಲ್ಲ. ಅಡಿಪಾಯ ತೋಡಿದವರು, ಗಾರೆ ಹೊತ್ತವರು, ಕಲ್ಲಿನ ಕ್ವಾರಿಯಲ್ಲಿ ಬೆವರು ಸುರಿಸಿದವರು, ಕಾರ್ಖಾನೆಯ ಹೊರಗೆ ರದ್ದಿ ಆಯ್ದವರು ಕೂಡ ಇದ್ದರು. ಅವರಲ್ಲಿ ಅನೇಕರಿಗೆ ಈ ಊರಿನಲ್ಲಿ ವಿಳಾಸವೆಂಬುದಿಲ್ಲ.

ಖಾಲಿ ನಿವೇಶನಗಳಲ್ಲಿ, ಕೆರೆಯ ಏರಿಯ ಮಗ್ಗುಲಲ್ಲಿ, ಹೆದ್ದಾರಿಯ ಮೇಲ್ಸೇತುವೆಯ ಕೆಳಗೆ, ಅರ್ಧ ಕಟ್ಟಿದ ಮಹಡಿ ಮನೆಗಳ ಪಕ್ಕದಲ್ಲಿ ನೀಲಿ ಟಾರ್ಪಾಲಿನ ಗುಡಾರಗಳನ್ನು ಓದುಗರು ನೋಡಿಯೇ ಇರುತ್ತಾರೆ. ಅಲ್ಲಿರುವವರು ಒಂದೇ ಬಗೆಯ ಜನರಲ್ಲ. ಬಿಹಾರ, ಒಡಿಶಾಗಳಿಂದ ಬಂದ ಕಟ್ಟಡ ಕಾರ್ಮಿಕರಿದ್ದಾರೆ. ಮಳೆಯಿಲ್ಲದ ಊರುಗಳಿಂದ ಹೊರಟುಬಂದ ನಮ್ಮ ರಾಯಚೂರು, ಯಾದಗಿರಿ ಸೀಮೆಯ ಕನ್ನಡಿಗರಿದ್ದಾರೆ. ಮಣಿಸರ ಮಾರುವ ನರಿಕುರವರಿದ್ದಾರೆ. ಮಕ್ಕಳು ಹೊರಹಾಕಿದ ಮುದುಕರೂ, ಗಂಡನ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳೂ ಇದ್ದಾರೆ. ಇವರೆಲ್ಲರಿಗೂ 'ಗುಡಿಸಲಿನವರು' ಎಂಬ ಒಂದೇ ಹೆಸರು ಕೊಟ್ಟು ನಾವು ಸುಮ್ಮನಾಗಿದ್ದೇವೆ.

ಜನಗಣತಿಯವರು ಇವರನ್ನು 'ವಸತಿಹೀನರು' ಎಂಬ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ. 2011ರ ಗಣತಿಯಲ್ಲಿ ಫೆಬ್ರವರಿ 28ರ ರಾತ್ರಿ ಬೀದಿ ಬೀದಿ ತಿರುಗಿ ಎಣಿಸಿದಾಗ ದೇಶದಲ್ಲಿ ಸುಮಾರು 17.7 ಲಕ್ಷ ಜನರು ಹೀಗಿದ್ದರು. ಅದಕ್ಕೆ ಹತ್ತು ವರ್ಷ ಹಿಂದೆ, 2001ರಲ್ಲಿ, ಈ ಸಂಖ್ಯೆ 19.4 ಲಕ್ಷವಾಗಿತ್ತು. ಒಟ್ಟು ಇಳಿದಿದೆಯೆಂದು ಸಮಾಧಾನಪಡುವ ಮೊದಲು ಒಳಗಿನ ಲೆಕ್ಕವನ್ನು ನೋಡಬೇಕು. ಹಳ್ಳಿಗಳಲ್ಲಿ ಇಳಿದ ಸಂಖ್ಯೆ ಪಟ್ಟಣಗಳಲ್ಲಿ 7.8 ಲಕ್ಷದಿಂದ 9.4 ಲಕ್ಷಕ್ಕೆ ಏರಿತ್ತು. ಅಂದರೆ ಈ ಸಮಸ್ಯೆ ಹಳ್ಳಿಯಿಂದ ಪಟ್ಟಣಕ್ಕೆ ನಡೆದುಬಂದಿದೆ. ಹೊಸೂರಿನಂತಹ ಬೆಳೆಯುವ ಊರುಗಳ ಬಾಗಿಲಿಗೆ ಬಂದು ನಿಂತಿದೆ.

ಈ ಗುಡಾರಗಳ ವಿಷಯದಲ್ಲಿ ನಮ್ಮ ಊರಿನಲ್ಲಿ ಎರಡು ಅಭಿಪ್ರಾಯಗಳನ್ನು ಕೇಳುತ್ತೇವೆ. 'ಇವರನ್ನು ಮೊದಲು ಇಲ್ಲಿಂದ ಎತ್ತಂಗಡಿ ಮಾಡಿ, ಕೊಳಕು ತಪ್ಪಲಿ' ಎನ್ನುವವರು ಒಂದು ಕಡೆ. 'ಪಾಪ, ಬಡವರು, ಇದ್ದಲ್ಲೇ ಇರಲಿ ಬಿಡಿ' ಎನ್ನುವವರು ಇನ್ನೊಂದು ಕಡೆ. ಮೊದಲನೆಯವರಿಗೆ ಕರುಣೆಯಿಲ್ಲವೆಂದೂ ಎರಡನೆಯವರಿಗೆ ವಿವೇಕವಿಲ್ಲವೆಂದೂ ನಾನು ಹೇಳಲಾರೆ. ಶೌಚಾಲಯವಿಲ್ಲದ, ಕುಡಿಯುವ ನೀರಿಲ್ಲದ, ಮಳೆಗಾಲದಲ್ಲಿ ಹಾವು ಚೇಳುಗಳೊಡನೆ ಮಲಗಬೇಕಾದ ಜಾಗದಲ್ಲಿ ಯಾರನ್ನೂ 'ಇರಲಿ ಬಿಡಿ' ಎನ್ನುವುದು ದಯೆಯಾಗಲಾರದು. ಅವರಿಗೆ ಮನೆ ಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ಮನೆ ಎಲ್ಲಿರಬೇಕು, ಯಾವಾಗ ಕೊಡಬೇಕು, ಕೊಟ್ಟದ್ದು ಸಾರ್ಥಕವಾಯಿತೆಂದು ಹೇಗೆ ತಿಳಿಯಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕದೆ ಮನೆ ಕಟ್ಟಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಎರಡೂ ರಾಜಧಾನಿಗಳಲ್ಲಿ ನಿದರ್ಶನಗಳಿವೆ.

ತಮಿಳುನಾಡಿನಲ್ಲಿ ಕೊಳಚೆ ನಿರ್ಮೂಲನ ಮಂಡಳಿ 1970ರಲ್ಲಿಯೇ ಸ್ಥಾಪನೆಯಾಯಿತು. ಈ ಕೆಲಸದಲ್ಲಿ ದೇಶಕ್ಕೆ ದಾರಿ ತೋರಿದ ಸಂಸ್ಥೆಗಳಲ್ಲಿ ಅದೂ ಒಂದು. 2021ರಲ್ಲಿ ಅದಕ್ಕೆ ನಗರ ವಸತಿ ಅಭಿವೃದ್ಧಿ ಮಂಡಳಿಯೆಂಬ ಗೌರವದ ಹೆಸರು ದೊರೆಯಿತು. ಆರಂಭದ ವರ್ಷಗಳಲ್ಲಿ ಮಂಡಳಿಯು ಗುಡಿಸಲುಗಳಿದ್ದ ಜಾಗದಲ್ಲಿಯೇ ಮಹಡಿ ಮನೆಗಳನ್ನು ಕಟ್ಟಿ ಅದೇ ಜನರಿಗೆ ಕೊಟ್ಟಿತು. ಮದರಾಸಿನ ಕಡಲ ತೀರದಲ್ಲಿ ಆ ಕಟ್ಟಡಗಳನ್ನು ಎಷ್ಟೋ ಮಂದಿ ನೋಡಿರಬಹುದು. ನಗರದ ಭೂಮಿಗೆ ಚಿನ್ನದ ಬೆಲೆ ಬಂದ ಮೇಲೆ ಈ ಕ್ರಮ ಹಿಂದೆ ಬಿದ್ದಿತು. 2000ದಿಂದೀಚೆಗೆ ಚೆನ್ನೈನ ದಕ್ಷಿಣದ ಅಂಚಿನಲ್ಲಿ ಕಣ್ಣಗಿ ನಗರ, ಸೆಮ್ಮಂಜೇರಿ, ಪೆರುಂಬಾಕ್ಕಂ ಎಂಬ ಬೃಹತ್ ವಸಾಹತುಗಳು ಎದ್ದವು. ಕಣ್ಣಗಿ ನಗರವೊಂದರಲ್ಲಿಯೇ 15 ಸಾವಿರಕ್ಕೂ ಹೆಚ್ಚು ಮನೆಗಳಿವೆ.

ಇವು ಗಟ್ಟಿ ಗೋಡೆಯ ಮನೆಗಳೆಂಬುದು ನಿಜ. ಆದರೆ ನಗರದ ಮಧ್ಯದಲ್ಲಿ ನಾಲ್ಕು ಮನೆಗಳ ಪಾತ್ರೆ ತೊಳೆದು ಸಂಸಾರ ನಡೆಸುತ್ತಿದ್ದ ಹೆಂಗಸು ಇಪ್ಪತ್ತು ಕಿಲೋಮೀಟರ್ ದೂರಕ್ಕೆ ಹೋದ ಮೇಲೆ ಆ ಕೆಲಸವನ್ನು ಉಳಿಸಿಕೊಳ್ಳುವುದು ಹೇಗೆ? ಬೆಳಗಿನ ಬಸ್ಸಿಗೆ ಕೊಡುವ ಹಣ, ಬಸ್ಸಿನಲ್ಲಿ ಕಳೆಯುವ ಹೊತ್ತು ಎರಡೂ ಕೂಲಿಯಿಂದಲೇ ಕಳೆಯುತ್ತವೆ. ಹಳೆಯ ಶಾಲೆ ದೂರವಾಯಿತು. ಹೊಸ ಜಾಗದಲ್ಲಿ ಅಷ್ಟೊಂದು ಮಕ್ಕಳಿಗೆ ಸಾಕಾಗುವಷ್ಟು ಶಾಲೆಗಳು ಬರಲು ವರ್ಷಗಳೇ ಹಿಡಿದವು. ಆ ವಿಳಾಸ ಹೇಳಿದರೆ ಕೆಲಸ ಕೊಡಲು ಹಿಂಜರಿಯುವ ಕೆಟ್ಟ ಪದ್ಧತಿಯೂ ಬೆಳೆಯಿತು. ಇಷ್ಟಿದ್ದರೂ ಅಲ್ಲಿನ ಹುಡುಗಿಯೊಬ್ಬಳು 2025ರ ಅಕ್ಟೋಬರ್‌ನಲ್ಲಿ ಬಹ್ರೈನ್‌ನಲ್ಲಿ ನಡೆದ ಏಷ್ಯನ್ ಯುವ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತದ ಕಬಡ್ಡಿ ತಂಡದಲ್ಲಿದ್ದಳು. ತನ್ನ ಊರಿನ ಹೆಸರನ್ನು ಹೆಮ್ಮೆಯಿಂದ ಹೇಳಿಕೊಂಡಳು. ಆ ಮಗುವಿಗೆ ನಮೋ ಎನ್ನೋಣ. ಆದರೆ ಒಂದು ಮಗುವಿನ ಸಾಹಸವನ್ನು ತೋರಿಸಿ ಸಾವಿರಾರು ಮಕ್ಕಳ ತೊಂದರೆಯನ್ನು ಮುಚ್ಚಿಹಾಕುವುದು ನ್ಯಾಯವಲ್ಲ.

ಬೆಂಗಳೂರಿನ ಕಥೆಯೂ ಬೇರೆಯಲ್ಲ. ಕೋರಮಂಗಲಕ್ಕೆ ಸೇರಿದ ಈಜಿಪುರದಲ್ಲಿ ಬಡವರಿಗೆಂದು ಕಟ್ಟಿದ ಮನೆಗಳು ಕೆಲವೇ ವರ್ಷಗಳಲ್ಲಿ ಶಿಥಿಲವಾಗಿ ಕುಸಿದವು. ಅಲ್ಲಿಯೇ ತಗಡಿನ ಶೆಡ್ಡುಗಳಲ್ಲಿ ಉಳಿದಿದ್ದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು 2013ರ ಜನವರಿಯಲ್ಲಿ ಪೊಲೀಸ್ ಬಂದೋಬಸ್ತಿನೊಂದಿಗೆ ತೆರವುಗೊಳಿಸಲಾಯಿತು. ಅನೇಕರು ಅದೇ ರಸ್ತೆಯ ಕಾಲುದಾರಿಯಲ್ಲಿಯೇ ವರ್ಷಗಳ ಕಾಲ ಬಿಡಾರ ಹೂಡಿದರು. ಏಕೆಂದರೆ ಅವರ ಕೂಲಿ ಅಲ್ಲಿತ್ತು, ಮಕ್ಕಳ ಶಾಲೆ ಅಲ್ಲಿತ್ತು. ಉಪಾಧ್ಯಾಯರಾದವರಿಗೆ ಇಲ್ಲಿ ತಿಂಗಳಿನ ಹೆಸರೇ ಚುಚ್ಚುತ್ತದೆ. ಜನವರಿ ಎಂದರೆ ವಾರ್ಷಿಕ ಪರೀಕ್ಷೆಗೆ ಎರಡೇ ತಿಂಗಳು.

ಮನೆಗೂ ಕೂಲಿಗೂ ಇರುವ ಈ ನಂಟನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ಎಂದೋ ಗುರುತಿಸಿತ್ತು. ಮುಂಬಯಿಯ ಕಾಲುದಾರಿಯ ನಿವಾಸಿಗಳ ಪರವಾಗಿ ಓಲ್ಗಾ ಟೆಲಿಸ್ ಎಂಬ ಪತ್ರಕರ್ತೆ ಹೂಡಿದ ಮೊಕದ್ದಮೆಯಲ್ಲಿ 1985ರ ಜುಲೈನಲ್ಲಿ ತೀರ್ಪು ಬಂದಿತು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ನ್ಯಾಯಾಲಯ ಹೇಳಿತು. ಆದರೆ ಕಾಲುದಾರಿಯಲ್ಲಿಯೇ ಇರುವ ಹಕ್ಕನ್ನು ಅದು ಒಪ್ಪಲಿಲ್ಲ. ಮಳೆಗಾಲ ಮುಗಿಯುವವರೆಗೆ ತೆರವು ಮಾಡಬಾರದೆಂದಷ್ಟೇ ತಡೆಯಿತು. ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಹಾಗೆ ಶಾಲೆಯ ಪರೀಕ್ಷೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ನನ್ನ ಸೇರ್ಪಡೆ.

ಈ ಸೇರ್ಪಡೆ ಅನಾವಶ್ಯಕವೆಂದು ಯಾರೂ ಹೇಳಲಾರರು. 2022ರ ಮೇ ತಿಂಗಳಿನಲ್ಲಿ, ಪಬ್ಲಿಕ್ ಪರೀಕ್ಷೆಗಳು ನಡೆಯುತ್ತಿದ್ದಾಗಲೇ, ಚೆನ್ನೈನ ರಾಜಾ ಅಣ್ಣಾಮಲೈಪುರದ ಗೋವಿಂದಸ್ವಾಮಿ ನಗರದಲ್ಲಿ ನ್ಯಾಯಾಲಯದ ಆಜ್ಞೆಯಂತೆ ಮನೆಗಳನ್ನು ಕೆಡವಲಾಯಿತು. ನೊಂದ ನಿವಾಸಿಯೊಬ್ಬರು ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟರು. ಆಮೇಲೆ ಮುಖ್ಯಮಂತ್ರಿಗಳು ವಿಧಾನಸಭೆಯಲ್ಲಿ, ಆ ಜನರಿಗೆ ಹತ್ತಿರದ ಮಂದವೇಳಿ, ಮೈಲಾಪುರಗಳಲ್ಲಿಯೇ ಮನೆ ಕೊಡುವುದಾಗಿ ಪ್ರಕಟಿಸಿದರು. ಹತ್ತಿರದಲ್ಲಿ ಮನೆ ಕೊಡಲು ಸಾಧ್ಯವೆಂಬುದು ಸರ್ಕಾರಕ್ಕೂ ಗೊತ್ತಿದೆಯೆಂದಾಯಿತು. ಅದನ್ನು ಹೇಳಲು ಒಂದು ಜೀವ ಹೋಗುವವರೆಗೆ ಕಾಯಬೇಕಾಗಿರಲಿಲ್ಲ.

ಇನ್ನು ನನ್ನ ವೃತ್ತಿಯ ಅನುಭವಕ್ಕೆ ಬರುತ್ತೇನೆ. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಸಂತೆ ಮೈದಾನದ ಹಿಂದಿನ ಗುಡಾರಗಳಿಂದ ಅಣ್ಣ ತಂಗಿಯರಿಬ್ಬರು ಶಾಲೆಗೆ ಬರುತ್ತಿದ್ದರು. ಹುಡುಗಿ ಮಗ್ಗಿಯಲ್ಲಿ ತರಗತಿಗೇ ಮೊದಲಿಗಳು. ಗುಡಾರದವರಿಗೆಲ್ಲ ಊರಿಂದ ಏಳೆಂಟು ಮೈಲಿ ಆಚೆ ಮನೆ ಮಂಜೂರಾಯಿತು. ಸಭೆ ಸೇರಿ, ಹಾರ ಹಾಕಿ, ಬೀಗದ ಕೈ ಹಂಚಿದರು. ದೀಪಾವಳಿಯ ರಜೆ ಮುಗಿದ ಮೇಲೆ ಮಕ್ಕಳಿಬ್ಬರೂ ಶಾಲೆಗೆ ಬರಲಿಲ್ಲ. ಹೊಸ ಜಾಗದ ಹತ್ತಿರದ ಶಾಲೆಗೂ ಸೇರಲಿಲ್ಲ, ಏಕೆಂದರೆ ಅಲ್ಲಿ ಅವರ ಭಾಷೆಯ ಶಾಲೆಯಿರಲಿಲ್ಲ. ಆರು ತಿಂಗಳಾಗುವಷ್ಟರಲ್ಲಿ ತಂದೆತಾಯಿಗಳು ಕೊಟ್ಟ ಮನೆಗೆ ಬೀಗ ಹಾಕಿ, ಕೂಲಿಯ ಆಸೆಯಿಂದ ಮತ್ತೆ ಅದೇ ಮೈದಾನಕ್ಕೆ ಬಂದು ಟಾರ್ಪಾಲು ಕಟ್ಟಿದರು. ಹುಡುಗ ಪುನಃ ಶಾಲೆಗೆ ಸೇರಿದ. ಹುಡುಗಿ ಸೇರಲಿಲ್ಲ, ಅಷ್ಟರಲ್ಲಿ ಅವಳ ಕಂಕುಳಿಗೆ ಇನ್ನೊಂದು ಎಳೆಯ ಮಗು ಬಂದಿತ್ತು, ಅದನ್ನು ನೋಡಿಕೊಳ್ಳುವುದು ಅವಳ ಪಾಲಿನ ಕೆಲಸವಾಗಿತ್ತು. ಸರ್ಕಾರದ ಕಡತದಲ್ಲಿ ಆ ಕುಟುಂಬ 'ಪುನರ್ವಸತಿ ಪಡೆದ ಕುಟುಂಬ' ಎಂದೇ ಉಳಿದಿರುತ್ತದೆ. ನಿಜ ಏನಾಯಿತೆಂದು ಬರೆದಿಟ್ಟ ದಾಖಲೆ ಒಂದೇ ಒಂದು, ಅದು ಶಾಲೆಯ ಹಾಜರಿ ಪುಸ್ತಕ.

ನನ್ನ ಅಭಿಪ್ರಾಯದ ತಿರುಳು ಇದರಲ್ಲಿಯೇ ಇದೆ. ಎಷ್ಟು ಬೀಗದ ಕೈ ಹಂಚಿದೆವು ಎಂಬುದರಿಂದ ವಸತಿ ಯೋಜನೆಯ ಯಶಸ್ಸನ್ನು ಅಳೆಯಬಾರದು. ಮನೆ ಕೊಟ್ಟ ಒಂದು ವರ್ಷದ ನಂತರ ಆ ಕುಟುಂಬ ಅಲ್ಲಿಯೇ ಇದೆಯೇ, ಆ ಮನೆಯ ಮಕ್ಕಳ ಹೆಸರು ಯಾವುದಾದರೂ ಶಾಲೆಯ ಹಾಜರಿ ಪುಸ್ತಕದಲ್ಲಿ ಇದೆಯೇ ಎಂದು ನೋಡಬೇಕು. ಮಗು ಶಾಲೆಗೆ ಹೋಗುತ್ತಿದೆಯೆಂದರೆ ತಾಯಿಗೆ ಕೆಲಸವಿದೆ, ನೀರು ಬೆಳಿಗ್ಗೆ ಬರುತ್ತದೆ, ದಾರಿ ಸುರಕ್ಷಿತವಾಗಿದೆ, ಕುಟುಂಬ ನೆಲೆ ನಿಂತಿದೆ ಎಂದರ್ಥ. ಇಷ್ಟು ವಿಷಯಗಳನ್ನು ಒಂದೇ ಗೆರೆಯಲ್ಲಿ ಹೇಳುವ ಬೇರೆ ಲೆಕ್ಕಪುಸ್ತಕವನ್ನು ನಾನು ಕಾಣೆ.

ಹೊರದೇಶಗಳ ಅನುಭವವೂ ಇದಕ್ಕೆ ಪುಷ್ಟಿ ಕೊಡುತ್ತದೆ. ಶ್ರೀಮಂತ ಅಮೆರಿಕದಲ್ಲಿ 2024ರ ಜನವರಿಯ ಒಂದು ರಾತ್ರಿಯ ಎಣಿಕೆಯಲ್ಲಿ 7,71,480 ಮಂದಿ ವಸತಿಹೀನರು ಕಂಡುಬಂದರು. ಅದೇ ವರ್ಷದ ಜೂನ್‌ನಲ್ಲಿ, ಬಯಲಿನಲ್ಲಿ ಮಲಗುವವರಿಗೆ ನಗರಗಳು ದಂಡ ಹಾಕಬಹುದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಪುಟ್ಟ ಫಿನ್‌ಲೆಂಡ್ ಬೇರೆ ದಾರಿ ಹಿಡಿಯಿತು. 'ಮೊದಲು ಕುಡಿತ ಬಿಡು, ಕೆಲಸ ಹುಡುಕು, ಆಮೇಲೆ ಮನೆ' ಎನ್ನುವ ಹಳೆಯ ಕ್ರಮವನ್ನು 2008ರಿಂದ ತಿರುವಿ ಹಾಕಿ, ಮೊದಲು ಬಾಡಿಗೆ ಕರಾರಿನೊಡನೆ ಸ್ವಂತ ಬಾಗಿಲಿನ ಮನೆ ಕೊಟ್ಟು, ಉಳಿದ ಸಹಾಯವನ್ನು ಅಲ್ಲಿಗೇ ಕಳಿಸಿತು. 1987ರಲ್ಲಿ 18 ಸಾವಿರಕ್ಕೂ ಹೆಚ್ಚಿದ್ದ ಅಲ್ಲಿನ ವಸತಿಹೀನರು 2023ರಲ್ಲಿ ಸುಮಾರು 3,400ಕ್ಕೆ ಇಳಿದರು. 2024ರಲ್ಲಿ ಸಂಖ್ಯೆ ಮತ್ತೆ ತುಸು ಏರಿತೆಂಬುದನ್ನೂ ಹೇಳಬೇಕು. ಒಮ್ಮೆ ಮಾಡಿ ಮರೆತುಬಿಡುವ ಕೆಲಸ ಇದಲ್ಲ.

ನಮ್ಮ ದೇಶದಲ್ಲಿ ಯೋಜನೆಗಳಿಗೆ ಕೊರತೆಯಿಲ್ಲ. ಒಂದು ಲಕ್ಷ ಜನಸಂಖ್ಯೆಗೆ ನೂರು ಮಂದಿಗಾಗುವಷ್ಟು ಕಾಯಂ ಆಶ್ರಯತಾಣ ಇರಬೇಕೆಂದು 2013ರ ನಗರ ಜೀವನೋಪಾಯ ಯೋಜನೆಯ ಮಾರ್ಗಸೂಚಿ ಹೇಳಿತು. 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂದಿತು. 2020ರ ಲಾಕ್‌ಡೌನ್‌ನಲ್ಲಿ ವಲಸೆ ಕಾರ್ಮಿಕರು ಗಂಟುಮೂಟೆ ಹೊತ್ತು ಹೆದ್ದಾರಿಗಳಲ್ಲಿ ನಡೆದುದನ್ನು ದೇಶ ಕಂಡ ಮೇಲೆ, ಅವರಿಗಾಗಿ ಕಡಿಮೆ ಬಾಡಿಗೆಯ ವಸತಿ ಸಂಕೀರ್ಣಗಳ ಯೋಜನೆ ಪ್ರಕಟವಾಯಿತು. 2024ರಲ್ಲಿ ಆರಂಭವಾದ ಆವಾಸ್ ಯೋಜನೆಯ ಎರಡನೆಯ ಹಂತದಲ್ಲಿಯೂ ಬಾಡಿಗೆ ಮನೆಗಳಿಗೆ ಸ್ಥಾನವಿದೆ. ಇವನ್ನು ನಮ್ಮ ಊರಿಗೆ ಹೊಂದಿಸುವ ರೀತಿಯನ್ನು ಕುರಿತು ನನ್ನ ಕೆಲವು ಸೂಚನೆಗಳು ಹೀಗಿವೆ:

ಒಂದು, ಮನೆಯಿಂದ ಕೂಲಿಯ ಜಾಗಕ್ಕೂ ಶಾಲೆಗೂ ನಡೆದು ಅಥವಾ ಒಂದೇ ಬಸ್ಸಿನಲ್ಲಿ ಹೋಗುವಂತಿರಬೇಕು. ಕಾರ್ಖಾನೆಗೆ ಊರ ಹತ್ತಿರ ಜಾಗ ಸಿಕ್ಕುವುದಾದರೆ ಕಾರ್ಖಾನೆ ಕಟ್ಟಿದವರ ಮನೆಗೂ ಸಿಕ್ಕಬೇಕು.

ಎರಡು, ತೆರವು ಮತ್ತು ಸ್ಥಳಾಂತರ ಏಪ್ರಿಲ್ ಮೇ ರಜೆಯಲ್ಲಿ ಮಾತ್ರ ನಡೆಯಬೇಕು. ಜೂನ್‌ನಲ್ಲಿ ಶಾಲೆ ತೆರೆಯುವಾಗ ಮಗು ಹೊಸ ಶಾಲೆಯ ಬೆಂಚಿನ ಮೇಲೆ ಕುಳಿತಿರಬೇಕು. ಬೀಗದ ಕೈ ಕೊಡುವ ದಿನವೇ ಶಾಲೆಯ ದಾಖಲಾತಿ ಚೀಟಿಯನ್ನೂ ಕೊಡಲಿ.

ಮೂರು, ಎಲ್ಲರಿಗೂ ಸ್ವಂತ ಮನೆಯೇ ಮದ್ದಲ್ಲ. ಫಲಾನುಭವಿಯ ಪಾಲೆಂದು ಲಕ್ಷ ಮೀರಿದ ಹಣ ಕಟ್ಟಬೇಕೆಂದರೆ ದಿನಗೂಲಿಯವನು ಸಾಲಗಾರನ ಕೈಗೆ ಬೀಳುತ್ತಾನೆ. ಎರಡು ಮೂರು ವರ್ಷ ದುಡಿದು ಊರಿಗೆ ಮರಳುವವರಿಗೆ ಕಡಿಮೆ ಬಾಡಿಗೆಯ ಕೋಣೆ ಸಾಕು. ಒಂಟಿ ಮುದುಕರಿಗೆ ಆಶ್ರಯತಾಣ ಬೇಕು. ಇಲ್ಲಿಯೇ ತಲೆಮಾರು ಕಳೆದವರಿಗೆ ಪಟ್ಟಾ ಸಹಿತ ಮನೆ ಬೇಕು. ಯಾರಿಗೆ ಯಾವುದು ಎಂಬುದನ್ನು ಅವರನ್ನೇ ಕೂರಿಸಿಕೊಂಡು ಕೇಳಬೇಕು.

ನಾಲ್ಕು, ಕಟ್ಟಡ ಕಟ್ಟಿಸುವವರ ಹೊಣೆ. ವಲಸೆ ಕಾರ್ಮಿಕರ 1979ರ ಕಾಯಿದೆಯೂ ಕಟ್ಟಡ ಕಾರ್ಮಿಕರ 1996ರ ಕಾಯಿದೆಯೂ ಕೆಲಸಗಾರರಿಗೆ ತಾತ್ಕಾಲಿಕ ವಸತಿ ಒದಗಿಸಬೇಕೆಂದು ವಿಧಿಸಿದ್ದವು. 2025ರ ನವೆಂಬರ್‌ನಲ್ಲಿ ಅವುಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಕಾಯಿದೆಯ ಹೆಸರು ಬದಲಾದರೂ ಧರ್ಮ ಬದಲಾಗದು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ಗುತ್ತಿಗೆದಾರರಿದ್ದಾರೆ, ಬಡಾವಣೆ ನಿರ್ಮಿಸುವವರಿದ್ದಾರೆ. ಅವರು ತಮ್ಮ ಕೆಲಸದ ಜಾಗದಲ್ಲಿ ಒಂದು ಗಟ್ಟಿ ಸೂರು, ಒಂದು ನಲ್ಲಿ, ಎರಡು ಶೌಚಾಲಯ ಕಟ್ಟಿಸಿದರೆ ಅದು ಶಾಲೆಗೆ ಕೊಡುವ ಗುರುದಕ್ಷಿಣೆಯೇ ಆಗುತ್ತದೆ.

'ಹತ್ತಿರದಲ್ಲಿ ಮನೆ ಕೊಟ್ಟರೆ ಇನ್ನಷ್ಟು ಜನ ಬಂದು ಸೇರುತ್ತಾರೆ' ಎಂದು ಕೆಲವರು ಆಕ್ಷೇಪಿಸುವರು. ಜನ ಬರುವುದು ಮನೆಯ ಆಸೆಗಲ್ಲ, ಕೂಲಿಯ ಆಸೆಗೆ. ಮನೆಯಿಲ್ಲದಾಗಲೂ ಅವರು ಬಂದೇ ಇದ್ದಾರೆ. 'ಭೂಮಿ ದುಬಾರಿ' ಎನ್ನುವುದು ಇನ್ನೊಂದು ಆಕ್ಷೇಪಣೆ, ಇದು ನಿಜವಾದ ಕಷ್ಟ. ಆದರೆ ದೂರದ ಅಗ್ಗದ ಭೂಮಿಯಲ್ಲಿ ಕಟ್ಟಿ, ಜನ ಬಿಟ್ಟುಬಂದ ಮನೆಗಳ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿದರೆ ಯಾವುದು ಅಗ್ಗ, ಯಾವುದು ದುಬಾರಿ ಎಂಬುದು ತಿಳಿಯುತ್ತದೆ.

ಕೊನೆಯದಾಗಿ ಕನ್ನಡ ಶಾಲೆಯವರಾದ ನಮಗೆ ಸಂಬಂಧಿಸಿದ ಮಾತು. ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರು ಸೀಮೆಯ ಕನ್ನಡ ಶಾಲೆಗಳಿಗೆ ಮಕ್ಕಳು ಕಡಿಮೆಯಾಗುತ್ತಿದ್ದಾರೆಂದು ಸಭೆ ಸೇರಿದಾಗಲೆಲ್ಲ ನಾವು ನಿಟ್ಟುಸಿರಿಡುತ್ತೇವೆ. ಅದೇ ಹೊತ್ತಿಗೆ, ಮನೆಯಲ್ಲಿ ಕನ್ನಡವನ್ನೇ ಆಡುವ ಮಕ್ಕಳು ಶಾಲೆಯ ಗಂಟೆ ಕೇಳಿಸುವಷ್ಟು ಹತ್ತಿರದ ಗುಡಾರಗಳಲ್ಲಿ ಮರಳಿನ ರಾಶಿಯ ಮೇಲೆ ಆಡುತ್ತಿರುತ್ತಾರೆ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯಂತೆ ವರ್ಗಾವಣೆ ಪತ್ರವಿಲ್ಲವೆಂದಾಗಲಿ, ಜನನ ಪತ್ರವಿಲ್ಲವೆಂದಾಗಲಿ, ತಡವಾಗಿ ಬಂದರೆಂದಾಗಲಿ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ಪಾಠ ಹೇಳಬೇಕು. ಹಳೆಯ ವಿದ್ಯಾರ್ಥಿಗಳ ಸಂಘವು ಗುಡಾರಗಳಿಗೆ ಹೋಗಿ ಮಕ್ಕಳ ಪಟ್ಟಿ ಮಾಡಲಿ. ಕನ್ನಡದವರನ್ನು ನಮ್ಮ ಶಾಲೆಗೆ ಕರೆತರಲಿ. ತಮಿಳು, ತೆಲುಗು, ಉರ್ದು ಮಕ್ಕಳನ್ನು ಅವರವರ ಶಾಲೆಗೆ ಸೇರಿಸಲಿ. ಆ ಪಟ್ಟಿಯನ್ನು ಹಿಡಿದುಕೊಂಡು ಪಾಲಿಕೆಯವರ ಮುಂದೆ ಹೋಗಿ 'ಈ ಮಕ್ಕಳ ಮನೆ ಈ ಶಾಲೆಯ ಸುತ್ತಳತೆಯೊಳಗೇ ಬರಬೇಕು' ಎಂದು ಕೇಳಿದರೆ ಆ ಮಾತಿಗೆ ತೂಕವಿರುತ್ತದೆ. 2027ರ ಜನಗಣತಿಯಲ್ಲಿ ವಸತಿಹೀನರನ್ನು ಎಣಿಸುವ ರಾತ್ರಿ ನಮ್ಮ ಯುವಕರು ಗಣತಿದಾರರಿಗೆ ದಾರಿ ತೋರಿಸಿದರೆ ಅದೂ ಒಂದು ಸೇವೆ. ಲೆಕ್ಕಕ್ಕೆ ಬಾರದವರಿಗೆ ಯಾವ ಯೋಜನೆಯಲ್ಲಿಯೂ ಮನೆಯಿರುವುದಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಪರರಿಗೆ ಮನೆ ಕಟ್ಟಿಕೊಡುವುದು ಅದಕ್ಕಿಂತ ಕಷ್ಟದ ಕೆಲಸ. ಕಟ್ಟಿದ ಮೇಲೂ ಅಲ್ಲಿ ದೀಪ ಉರಿಯುತ್ತಿದೆಯೇ ಎಂದು ಹೋಗಿ ನೋಡುತ್ತಿರಬೇಕು. ಈ ಶಾಲೆ ಐವತ್ತು ವರ್ಷ ಬಾಳಿದ್ದು ಊರಿನ ಬಡವರ ಮಕ್ಕಳಿಂದ. ಮುಂದಿನ ಐವತ್ತು ವರ್ಷವೂ ಅವರ ಮಕ್ಕಳೇ ಇದನ್ನು ಬಾಳಿಸಬೇಕು. ಬರುವ ಜೂನ್‌ನಲ್ಲಿ ಹೊಸ ಹಾಜರಿ ಪುಸ್ತಕ ತೆರೆದಾಗ ಗುಡಾರದಿಂದ ಬಂದ ಹತ್ತು ಹೆಸರುಗಳಾದರೂ ಅದರಲ್ಲಿ ಸೇರಲಿ, ಮರುವರ್ಷದ ಜೂನ್‌ನಲ್ಲಿ ಅವೇ ಹತ್ತು ಹೆಸರುಗಳು ಅಳಿಯದೆ ಇರಲಿ, ಶಾಲೆಯು ಶತಮಾನೋತ್ಸವವನ್ನು ಕಾಣಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.